ಕಿವಿ ಕಳಕೊಂಡ ಬೆಕ್ಕಿನ ಜನ್ಮದಿನಾಂಕ

ಬೆಳಗ್ಗೆ ಎಂಟರ ಹೊತ್ತಿಗೆ, ಎರಡನೇ ದೋಸೆಗೆ ಕಾಯುತ್ತಾ ಕೂತಿದ್ದ ಲೇಖಕ ಹತ್ತು ವರ್ಷದ ಹುಡುಗಿಯೊಬ್ಬಳ ಎದುರು ಸೋತುಹೋದ. ಹುಡುಗಿ ಅವನ ಅಣ್ಣನ ಮಗಳು, ಬೇಸಿಗೆ ರಜೆಗೆ ಬಂದವಳು. ಟೀವಿಯಲ್ಲಿ ಜಪಾನಿನ ಯಂತ್ರದ ಬೆಕ್ಕು ಡೊರೇಮಾನ್ ಎಂದಿನಂತೆ ಹಿಂದಿಯಲ್ಲಿ ಬುದ್ಧಿ ಹೇಳುತ್ತಿತ್ತು. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಹಿಂದಿ ಕಲಿಸಿದ್ದು ಮೇಷ್ಟರಲ್ಲ, ಈ ನೀಲಿ ಬೆಕ್ಕು. ಆ ಮಾತು ಬೇರೆ.

"ಈ ಬೆಕ್ಕು ಮೊದಲು ಹಳದಿ ಇತ್ತು, ಗೊತ್ತೇನೇ?" ಎಂದು ಲೇಖಕ ದೊಡ್ಡಸ್ತಿಕೆಯಿಂದ ಶುರುಮಾಡಿದ. "ಇಲಿ ಬಂದು ಎರಡೂ ಕಿವಿ ಕಡಿದುಬಿಡ್ತು. ಕನ್ನಡೀಲಿ ಮುಖ ನೋಡ್ಕೊಂಡು, ಗಾಬರಿಯಾಗಿ, ಹಂಗೇ ನೀಲಿಯಾಗೋಯ್ತು."

ಹುಡುಗಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಅಲ್ಲ ಚಿಕ್ಕಪ್ಪಾ. ಅತ್ತೂ ಅತ್ತೂ ಬಣ್ಣ ಹೋಗಿದ್ದು. ನಿಂಗೊತ್ತಿಲ್ಲ."

ಅಡುಗೆಮನೆಯಿಂದ ನಗು ಕೇಳಿಸಿತು. ಎರಡನೇ ದೋಸೆ ರುಚಿಸಲಿಲ್ಲ.

ರುಚಿಸದೆ ಇರುವುದಕ್ಕೆ ಕಾರಣ ಸೋಲಲ್ಲ. ಹುಡುಗಿಯೂ ಸರಿ, ತಾನೂ ಸರಿ ಎಂಬುದು ಅವನಿಗೆ ಗೊತ್ತಿತ್ತು. ಗಾಬರಿಯಿಂದ ನೀಲಿಯಾದದ್ದು ಹಳೆಯ ವಿವರಣೆ. ನಾವು ಹೆದರಿದರೆ ಬಿಳಿಚಿಕೊಳ್ಳುತ್ತೇವೆ, ಜಪಾನಿ ಮಾತಿನಲ್ಲಿ ಹೆದರಿದವರ ಮುಖ ನೀಲಿಗಟ್ಟುತ್ತದೆ. ಅಲ್ಲಿಯ ಮಗುವಿಗೆ ಈ ಒಂದು ಸಾಲು ಸಾಕು. ಆದರೆ 1995ರಲ್ಲಿ ಬೆಕ್ಕಿನ ಹುಟ್ಟಿನ ಕತೆಯನ್ನೇ ಹೇಳುವ ಸಿನಿಮಾ ಬಂತು. ಅದರಲ್ಲಿ ಹುಡುಗನೊಬ್ಬ ಡೊರೇಮಾನ್‌ನ ಮಣ್ಣಿನ ಗೊಂಬೆ ಮಾಡುತ್ತಾನೆ. ಗೊಂಬೆಯ ಕಿವಿ ಸರಿಮಾಡು ಎಂದು ಯಂತ್ರದ ಇಲಿಗೆ ಹೇಳಿದರೆ, ಅದು ಮಲಗಿದ್ದ ಡೊರೇಮಾನ್‌ನ ನಿಜವಾದ ಕಿವಿಯನ್ನೇ ಕೊರೆದುಹಾಕುತ್ತದೆ. ಬೆಕ್ಕಿನ ಗೆಳತಿ ನಗುತ್ತಾಳೆ. ಮನಸ್ಸಿಗೆ ಗೆಲುವು ತರುವ ಔಷಧಿ ಎಂದುಕೊಂಡು ಬೆಕ್ಕು ದುಃಖದ ಔಷಧಿ ಕುಡಿಯುತ್ತದೆ. ಸಮುದ್ರದ ದಂಡೆಯಲ್ಲಿ ಕೂತು ಅತ್ತ ರಭಸಕ್ಕೆ ಮೈಮೇಲಿನ ಹಳದಿಯೆಲ್ಲ ಕಿತ್ತುಬಂದು ಅಡಿಯ ನೀಲಿ ಕಾಣಿಸಿಕೊಳ್ಳುತ್ತದೆ.

ಒಂದು ಬೆಕ್ಕು, ಒಂದು ಬಣ್ಣ, ಎರಡು ಕಾರಣ.

ಮಂಗಾ ಎಂಬ ಜಪಾನಿನ ಸುದೀರ್ಘ ಚಿತ್ರಕತೆಗಳಲ್ಲಿ ಪಾತ್ರದ ಪೂರ್ವಕತೆ ಹೀಗೆ ಅತ್ತಿತ್ತ ಜಾರುವುದು ಹೊಸದೇನಲ್ಲ. ಬರೆಯುವವರು ಮನುಷ್ಯರು, ವಾರಕ್ಕೊಂದು ಗಡುವು, ನೆನಪು ಕೈಕೊಡುತ್ತದೆ. ಇಷ್ಟು ಯಾರಿಗೂ ಗೊತ್ತಿರುವುದೇ. ಡೊರೇಮಾನ್‌ನ ವಿಚಾರದಲ್ಲಿ ಸ್ವಾರಸ್ಯ ಇನ್ನೊಂದಿದೆ. ಮುಂದೆ ಫುಜಿಕೊ ಎಫ್. ಫುಜಿಯೊ ಎಂದು ಹೆಸರಾದ ಹಿರೋಶಿ ಫುಜಿಮೊಟೊ ಈ ಕತೆಯನ್ನು ಶುರುಮಾಡಿದ್ದು ಒಂದು ಪತ್ರಿಕೆಯಲ್ಲಲ್ಲ, ಆರು ಪತ್ರಿಕೆಗಳಲ್ಲಿ ಏಕಕಾಲಕ್ಕೆ. 1970ರ ಜನವರಿ ಸಂಚಿಕೆಗಳು 1969ರ ಡಿಸೆಂಬರಿನಲ್ಲೇ ಅಂಗಡಿಗೆ ಬಂದವು. ಶೋಗಾಕುಕಾನ್ ಸಂಸ್ಥೆಯ ಆ ಪತ್ರಿಕೆಗಳು ಶಿಶುವಿಹಾರದಿಂದ ನಾಲ್ಕನೇ ತರಗತಿಯವರೆಗೆ ಒಂದೊಂದು ವಯಸ್ಸಿಗೆ ಒಂದೊಂದು. ಶಿಶುವಿಹಾರದ ಮಗುವಿಗೆ ಹೇಳುವ ಹಾಗೆ ನಾಲ್ಕನೇ ಕ್ಲಾಸಿನವನಿಗೆ ಹೇಳಲಾಗುತ್ತದೆಯೇ? ಹಾಗಾಗಿ ಮೊದಲ ಕಂತೇ ಬೇರೆ ಬೇರೆ ರೂಪದಲ್ಲಿ ಬಂತು. ಮುಂದಿನ ಏಪ್ರಿಲ್ ಬಂದರೆ ಓದುಗರೆಲ್ಲ ಪಾಸಾಗಿ ಮುಂದಿನ ಪತ್ರಿಕೆಗೆ ಹೋಗುತ್ತಿದ್ದರು. ಹಳೆ ಲೆಕ್ಕ ಕೇಳುವವರು ಯಾರು? ಆರಂಭದ ಕಂತುಗಳಲ್ಲಿ 21ನೇ ಶತಮಾನದಿಂದ ಬಂದ ಬೆಕ್ಕು ಆಮೇಲೆ ಸದ್ದಿಲ್ಲದೆ 22ನೇ ಶತಮಾನದಿಂದ ಬಂದದ್ದಾಯಿತು. ಯಾವ ಮಗುವೂ ಕೈಯೆತ್ತಲಿಲ್ಲ.

ಬಿಡಿ ಕಂತುಗಳಲ್ಲಿ ತಪ್ಪು ಇರಲೇ ಇಲ್ಲ ಅನ್ನಬೇಕು. 1974ರಲ್ಲಿ ಅವನ್ನು ಆರಿಸಿ ಪುಸ್ತಕ ಮಾಡತೊಡಗಿದರು. ಮುಂದೆ ಅದು 45 ಸಂಪುಟವಾಯಿತು. ಒಂದರ ಪಕ್ಕದಲ್ಲಿ ಒಂದು ಕೂತ ಮೇಲೆ ಕಂತುಗಳು ಜಗಳವಾಡತೊಡಗಿದವು.

ಲೇಖಕನ ಅಮ್ಮನಿಗೂ ಬೈಂಡು ಮಾಡಿಸುವ ಚಟವಿತ್ತು. ವಾರಪತ್ರಿಕೆ ಬಂದ ದಿನವೇ ಧಾರಾವಾಹಿಯ ಹಾಳೆಗಳನ್ನು ಈಳಿಗೆಮಣೆಯ ಅಂಚಿಗೆ ಹಿಡಿದು ನೀಟಾಗಿ ಕೊಯ್ದಿಡುತ್ತಿದ್ದರು. ಮೂವತ್ತು ವಾರವಾದರೆ ದಬ್ಬಳದಲ್ಲಿ ತೂತು ಹೊಡೆದು, ಗೋಣಿ ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಲಕ್ಷ್ಮಿಯನ್ನು ರಟ್ಟಿಗೆ ಅಂಟಿಸಿದರೆ ಕಾದಂಬರಿ ತಯಾರು. ಹಾಗೆ ಹೊಲಿದ ಒಂದರಲ್ಲಿ ಆರನೇ ವಾರ ಹೃದಯಾಘಾತದಿಂದ ತೀರಿಕೊಂಡ ನಾಯಕಿಯ ಸೋದರಮಾವ ಇಪ್ಪತ್ತೆಂಟನೇ ವಾರ ಮದುವೆ ಚಪ್ಪರದಲ್ಲಿ ನಿಂತು ಪನ್ನೀರು ಎರಚುತ್ತಿದ್ದ. ವಾರವಾರ ಓದುವಾಗ ಅಮ್ಮ ಇದನ್ನು ಗಮನಿಸಿರಲಿಲ್ಲ. ಹೊಲಿದು ಒಂದೇ ಮಧ್ಯಾಹ್ನ ಓದಿದಾಗ ಸಿಕ್ಕಿಬಿದ್ದ. ಅಮ್ಮ ಸಿಟ್ಟಾಗಲಿಲ್ಲ. ಪೆನ್ಸಿಲಿನಲ್ಲಿ 'ಸೋದರಮಾವ' ಎನ್ನುವುದನ್ನು ಹೊಡೆದು 'ಚಿಕ್ಕಮಾವ' ಎಂದು ಬರೆದು ಪಕ್ಕದ ಮನೆಯವರಿಗೆ ಓದಲು ಕೊಟ್ಟರು. ಪಾತ್ರದ ಕುಟುಂಬಕ್ಕೆ ಒಬ್ಬ ಮಾವ ಹೆಚ್ಚಾದ; ಯಾರ ಗಂಟೂ ಹೋಗಲಿಲ್ಲ.

ಡೊರೇಮಾನ್‌ನಲ್ಲಿ ಹೆಚ್ಚಾದದ್ದು ಹೆಂಡತಿ. ಭವಿಷ್ಯದಿಂದ ಬೆಕ್ಕನ್ನು ಕರೆತರುವ ಸೆವಾಶಿ ಎಂಬ ಹುಡುಗ, ಕತೆಯ ಶಾಲಾಬಾಲಕ ನೊಬಿತಾನ ಮೊಮ್ಮಗನ ಮೊಮ್ಮಗ. ಮೊದಲ ಕತೆಯಲ್ಲೇ ಅವನು ಒಂದು ಆಲ್ಬಂ ತೆಗೆದು ತೋರಿಸುತ್ತಾನೆ. ನೊಬಿತಾ ಮುಂದೆ ತನ್ನ ಪುಂಡ ಗೆಳೆಯ ಜಿಯಾನ್‌ನ ತಂಗಿ ಜೈಕೊಳನ್ನು ಮದುವೆಯಾಗುತ್ತಾನೆ. ಕೆಲಸ ಸಿಗದೆ 1988ರಲ್ಲಿ ಸ್ವಂತ ಕಂಪನಿ ತೆರೆಯುತ್ತಾನೆ, 1993ರಲ್ಲಿ ಪಟಾಕಿ ಕಿಡಿಗೆ ಕಂಪನಿ ಸುಟ್ಟುಹೋಗುತ್ತದೆ, 1995ರಲ್ಲಿ ದಿವಾಳಿ. ಆ ಸಾಲ ಸೆವಾಶಿಯ ತಲೆಮಾರಿಗೂ ತೀರಿಲ್ಲ. ಹೊಸವರ್ಷಕ್ಕೆ ಕೈಗೆ ಸಿಗುವ ಕಾಸು ಬರೀ 50 ಯೆನ್ ಎಂದು ಹುಡುಗ ಗೋಳಾಡುತ್ತಾನೆ. ಇದನ್ನು ತಿದ್ದಲು ಬೆಕ್ಕು ಬಂದಿದೆ. ತಿದ್ದಿದರೆ ನೊಬಿತಾನ ಹೆಂಡತಿ ಅವನ ಗೆಳತಿ ಶಿಜುಕಾ.

ನೊಬಿತಾ ಓದಿನಲ್ಲಿ ಸೊನ್ನೆಯಾದರೂ ಇಲ್ಲಿ ಸರಿಯಾದ ಪ್ರಶ್ನೆ ಕೇಳುತ್ತಾನೆ: ಹಾಗೆ ಮಾಡಿದರೆ ನೀನು ಹುಟ್ಟುವುದೇ ಇಲ್ಲವಲ್ಲ? ಸೆವಾಶಿಯ ಉತ್ತರ ಜಪಾನಿನಲ್ಲಿ ಪ್ರಸಿದ್ಧ. ಒಸಾಕಾಕ್ಕೆ ಹೋಗಬೇಕಾದರೆ ಯಾವ ವಾಹನ ಹತ್ತಿದರೇನು, ದಿಕ್ಕು ಸರಿಯಿದ್ದರೆ ಒಸಾಕಾ ಸೇರಿಯೇ ಸೇರುತ್ತೇವೆ ಎಂಬುದು ಅದರ ತಾತ್ಪರ್ಯ. ನೊಬಿತಾ ತಲೆಯಾಡಿಸುತ್ತಾನೆ. ನಮ್ಮ ಕಡೆ ಹೆಣ್ಣು ನೋಡಲು ಹೋದವರ ಮುಂದೆ ಈ ವಾದ ಹೂಡಿದರೆ ಕಾಫಿಯೂ ಸಿಗಲಿಕ್ಕಿಲ್ಲ. ಅಜ್ಜಿಯೇ ಬದಲಾದರೆ ಮೊಮ್ಮಗ ಅವನೇ ಹೇಗೆ?

ಇಲ್ಲಿಗೆ ಬಂದಾಗ ಲೇಖಕನಿಗೆ ಪಂಪ ನೆನಪಾದ. ಜಪಾನಿನ ಬೆಕ್ಕಿಗೂ ವೇಮುಲವಾಡದ ಕವಿಗೂ ಏನು ಸಂಬಂಧ ಎಂದು ಕೇಳಬಾರದು. ದೋಸೆ ತಿನ್ನುವವನ ತಲೆಗೆ ರಸ್ತೆ ನಿಯಮವಿಲ್ಲ. 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜೊತೆ ಒಂದುಮಾಡಿ ಹೇಳಿದ. ದೊರೆಯ ಹೆಂಡತಿಯನ್ನು ಐವರಿಗೆ ಹಂಚಲಾಗುತ್ತದೆಯೇ? ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಒಂದು ಎಳೆ ಎಳೆದಿದ್ದಕ್ಕೆ ಉಳಿದ ನೇಯ್ಗೆ ಸುಮ್ಮನಿರಲಿಲ್ಲ. ದುಶ್ಶಾಸನ ಮುಡಿಗೆ ಕೈಹಾಕಿದಾಗ ಪ್ರತಿಜ್ಞೆ ಮಾಡುವವನು ಗಂಡನಾದ ಅರ್ಜುನನಲ್ಲ, ಭೀಮ. ಮುಂದೆ ಆ ಮುಡಿ ಕಟ್ಟುವವನೂ ಭೀಮನೇ. ಕೊನೆಗೆ ಅರ್ಜುನನ ಪಟ್ಟಾಭಿಷೇಕದಲ್ಲಿ ಪಕ್ಕದಲ್ಲಿ ಕೂತವಳು ಸುಭದ್ರೆ. ಈ ಬಿರುಕುಗಳನ್ನು ಕನ್ನಡ ವಿಮರ್ಶಕರು ಎಣಿಸುತ್ತಲೇ ಬಂದಿದ್ದಾರೆ, ಪಂಪನನ್ನು ಆದಿಕವಿ ಎನ್ನುವುದನ್ನೂ ಬಿಟ್ಟಿಲ್ಲ. ಮಂಗಾ ಓದುಗರು ಮಾಡುವುದೂ ಇದನ್ನೇ. ಕತೆ ಬೇಡವಾದವನು ಲೆಕ್ಕ ತೆಗೆಯುವುದಿಲ್ಲ.

ಇಂಥ ಬಿರುಕಿಗೆ ತೇಪೆ ಹಾಕುವುದರಲ್ಲಿ ಅಕಿರಾ ತೊರಿಯಾಮಾನಷ್ಟು ನಿಸ್ಸಂಕೋಚದವರು ಕಡಿಮೆ. 1984ರಲ್ಲಿ ಶುರುವಾದ 'ಡ್ರ್ಯಾಗನ್ ಬಾಲ್' ಮಂಗಾದಲ್ಲಿ ಗೋಕು ಕಾಡಿನಲ್ಲಿ ಒಂಟಿಯಾಗಿ ಬದುಕುವ, ಬಾಲವಿರುವ ಹುಡುಗ. ಆ ಬಾಲ ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ವರ್ಷಗಳ ಮೇಲೆ, ಅನ್ಯಗ್ರಹದಿಂದ ಅಣ್ಣನೊಬ್ಬ ಬಂದಿಳಿದಾಗ: ಗೋಕು ಭೂಮಿಯವನಲ್ಲ, ಕೂಸಾಗಿದ್ದಾಗ ಇಲ್ಲಿಯವರನ್ನು ನಾಶಮಾಡಲೆಂದು ಕಳಿಸಲ್ಪಟ್ಟವನು. 2014ರಲ್ಲಿ ತೊರಿಯಾಮಾ ಇನ್ನೊಂದು ಕಿರುಕತೆ ಬರೆದ. ಅದರ ಪ್ರಕಾರ ಗೋಕು ಹೊರಟಾಗ ಕೈಕೂಸಲ್ಲ, ಮೂರು ವರ್ಷದವನು. ಕಳಿಸಿದ್ದು ಕೊಲ್ಲಲಿಕ್ಕಲ್ಲ, ಅವನಾದರೂ ಬದುಕಲಿ ಎಂದು ಅಪ್ಪ-ಅಮ್ಮ ಕಳಿಸಿದ್ದು. ಬೆಕ್ಕಿನ ಬಣ್ಣದ ಕಾರಣ ಬದಲಾದರೆ ನಗಬಹುದು. ಇದು ಹಾಗಲ್ಲ, ಅಪ್ಪ-ಅಮ್ಮನ ಮನಸ್ಸೇ ಬದಲಾಗಿತ್ತು.

ಆದರೆ ಲೇಖಕನಿಗೆ ಇಷ್ಟವಾದದ್ದು ಇದಕ್ಕಿಂತ ಚಿಕ್ಕದೊಂದು ತೇಪೆ. ಕತೆಯ ಶುರುವಿನಲ್ಲಿ ಗೋಕು ತನಗೆ ಹದಿನಾಲ್ಕು ವರ್ಷ ಎನ್ನುತ್ತಾನೆ. ಮುಂದೆ ಆಮೆಚಿಪ್ಪು ಹೊತ್ತ ಮುದಿ ಗುರುವಿನ ಹತ್ತಿರ ಕುಸ್ತಿಯ ಜೊತೆಗೆ ಓದುಬರಹವನ್ನೂ ಕಲಿಯುತ್ತಾನೆ. ಆಮೇಲೆ ಕೇಳಿದರೆ ಹನ್ನೆರಡು ಎನ್ನುತ್ತಾನೆ. ಹನ್ನೊಂದಾದ ಮೇಲೆ ಹದಿನಾಲ್ಕು ಬರುತ್ತದೆ ಅಂತ ತಿಳಿದಿದ್ದನಂತೆ!

ಇದನ್ನು ಓದಿ ಜಪಾನಿನವರು ನಕ್ಕಿರಬಹುದು. ಕರ್ನಾಟಕದ ಹಳ್ಳಿಶಾಲೆಯಲ್ಲಿ ಓದಿದವರ ಮನೆಗಳಲ್ಲಿ ಇದು ನಗುವ ವಿಷಯವಲ್ಲ. ಲೇಖಕನ ಅಪ್ಪನಿಗೆ ಮೂರು ಹುಟ್ಟುದಿನಗಳಿವೆ. ಜಾತಕದ ಪ್ರಕಾರ ಆಶ್ವಯುಜ ಮಾಸ, ಆಯುಧಪೂಜೆಯ ಹಿಂದಿನ ದಿನ. ಶಾಲೆಯ ದಾಖಲೆಯಲ್ಲಿ ಜೂನ್ 1. ಅಪ್ಪನ ವಾರಿಗೆಯ ಅರ್ಧ ತಾಲ್ಲೂಕು ಜೂನ್ 1ರಂದೇ ಹುಟ್ಟಿದೆ. ಶಾಲೆ ಬಾಗಿಲು ತೆರೆಯುವ ದಿನಗಳಲ್ಲಿ ಸೇರಿಸಲು ಬಂದ ಮಕ್ಕಳಿಗೆಲ್ಲ ಮೇಷ್ಟರು ಕೊಟ್ಟ ಉಡುಗೊರೆ ಅದು. ಇಸವಿಗೆ ಪರೀಕ್ಷೆ ಒಂದೇ. ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿದರೆ ವಯಸ್ಸಾಗಿದೆ, ಬರೆದುಕೋ. ಮುಟ್ಟದಿದ್ದರೆ ಬರುವ ವರ್ಷ ಕರೆದುಕೊಂಡು ಬನ್ನಿ. (ಡೊರೇಮಾನ್‌ಗೆ ಆ ಶಾಲೆಯಲ್ಲಿ ಯಾವ ವರ್ಷವೂ ಸೀಟು ಸಿಗುತ್ತಿರಲಿಲ್ಲ.) ಅಪ್ಪನ ಕೈ ಉದ್ದ, ಮೊದಲ ಸಲಕ್ಕೇ ಮುಟ್ಟಿತು. ಆ ಉದ್ದ ಕೈಯ ದೆಸೆಯಿಂದ ಜಾತಕದ ಲೆಕ್ಕಕ್ಕಿಂತ ಒಂದು ವರ್ಷ ನಾಲ್ಕು ತಿಂಗಳು ಮೊದಲೇ, ಒಂದು ಮೇ 31ರ ಸಂಜೆ, ಹಾರ ಹಾಕಿಸಿಕೊಂಡು ನಿವೃತ್ತರಾದರು. ಇನ್ನೂ ನಾಲ್ಕು ಜನರಿಗೆ ಅದೇ ವೇದಿಕೆಯಲ್ಲಿ ಹಾರ. ಎಲ್ಲರೂ ಜೂನ್ 1ರ ಶಿಶುಗಳು. ಮೂರನೆಯದು ಆಧಾರ್ ಕಾರ್ಡು. ಅದು ದಿನ, ತಿಂಗಳುಗಳ ಗೊಡವೆಗೇ ಹೋಗದೆ ಬರೀ ಇಸವಿ ಮುದ್ರಿಸಿ ಕೈತೊಳೆದುಕೊಂಡಿತು.

ಈ ಮೂರೂ ಹೊಂದುವುದಿಲ್ಲ ಎಂದು ಲೇಖಕ ವರ್ಷಕ್ಕೊಮ್ಮೆಯಾದರೂ ಮನೆಯಲ್ಲಿ ಭಾಷಣ ಮಾಡುತ್ತಾನೆ. ಬ್ಯಾಂಕಿನ ಕೆವೈಸಿ ಬಂದಾಗ ಒಂದು ಸಲ, ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ಇನ್ನೊಂದು ಸಲ. ಅಪ್ಪ ಪೇಪರಿನಿಂದ ತಲೆಯೆತ್ತುವುದಿಲ್ಲ. "ನಾನು ಹುಟ್ಟಿದ್ದಂತೂ ನಿಜ ತಾನೆ?" ಎನ್ನುತ್ತಾರೆ, ಅಷ್ಟೆ.

ಹುಟ್ಟಿದ್ದೇ ನಿಜವೋ ಅಲ್ಲವೋ ಎಂಬಂತೆ ಬದುಕುವವನು ಗೊಲ್ಗೊ 13. ತಕಾವೊ ಸೈತೊ 1968ರಲ್ಲಿ ಶುರುಮಾಡಿದ ಈ ಬಾಡಿಗೆ ಹಂತಕನ ಮಂಗಾ 2021ರ ಜುಲೈನಲ್ಲಿ 201ನೇ ಸಂಪುಟ ಮುಟ್ಟಿ ಗಿನ್ನೆಸ್ ದಾಖಲೆ ಸೇರಿತು. ಆ ಸೆಪ್ಟೆಂಬರಿನಲ್ಲೇ ಸೈತೊ ತೀರಿಕೊಂಡ. ಕತೆ ಅವನ ತಂಡದ ಕೈಯಲ್ಲಿ ಈಗಲೂ ನಡೆಯುತ್ತಿದೆ. ಆಗಾಗ ಒಂದು ಕಂತಿನಲ್ಲಿ ಪತ್ರಕರ್ತನೋ ಗೂಢಚಾರನೋ ಹಳೇ ಫೋಟೊ ಹಿಡಿದುಕೊಂಡು ಇವನ ಮೂಲ ಹುಡುಕಲು ಹೊರಡುತ್ತಾನೆ, ಇನ್ನೇನು ಸಿಕ್ಕಿತು ಎನ್ನುವಾಗ ಎಳೆ ತುಂಡಾಗುತ್ತದೆ. ಮುಂದಿನ ಸಲ ಬೇರೆ ಅಪ್ಪ, ಬೇರೆ ಊರು. ಯಾವುದೂ ಸುಳ್ಳೆಂದು ಹೇಳಿಲ್ಲ, ಯಾವುದೂ ನಿಜವೆಂದು ಒಪ್ಪಿಲ್ಲ. ಉಳಿದವರು ತೇಪೆ ಹಾಕಿ ಮುಚ್ಚಿದರೆ, ಸೈತೊ ತೇಪೆಗಳಿಂದಲೇ ಕೌದಿ ಹೊಲಿದು ಮಾರಿದ. ಬುದ್ಧಿವಂತ.

ಹನ್ನೊಂದು ಗಂಟೆಗೆ ಲೇಖಕ ಸೋಲಿನ ಸೇಡು ತೀರಿಸಿಕೊಳ್ಳಲು ಮತ್ತೆ ಹುಡುಗಿಯ ಬಳಿ ಹೋದ. "ಡೊರೇಮಾನ್ ಎತ್ತರ ಎಷ್ಟು ಹೇಳು?" 129.3 ಸೆಂಟಿಮೀಟರ್, ಎಂದಳು. ತೂಕ? 129.3 ಕಿಲೊ. ಎದೆಯ ಸುತ್ತಳತೆ? 129.3. ಇಲಿ ಕಂಡರೆ ಎಷ್ಟು ಎತ್ತರ ಹಾರುತ್ತೆ? 129.3. ಆ ಕಾಲದ ಜಪಾನಿನ ನಾಲ್ಕನೇ ಕ್ಲಾಸಿನ ಮಗುವಿನ ಸರಾಸರಿ ಎತ್ತರವದು. ಕಂತುಕಂತಿಗೂ ಬದಲಾಗುವ ಬೆಕ್ಕಿನಲ್ಲಿ ಎಲ್ಲೆಲ್ಲೂ ಇದೇ ಸಂಖ್ಯೆ. ಲೇಖಕನಿಗೆ ಇಲ್ಲೂ ಸೋಲು.

"ಹುಟ್ಟಿದ ದಿನ?" ಎಂದು ಪೇಪರಿನ ಹಿಂದಿನಿಂದ ತಾತ ಕೇಳಿದರು.

"2112, ಸೆಪ್ಟೆಂಬರ್ 3, ತಾತ."

ತಾತ ಕನ್ನಡಕ ತೆಗೆದರು. ಲೇಖಕ ಅವರಿಗೆ ಒಂದು ಸಂಗತಿ ಹೇಳಿದ: ಫುಜಿಮೊಟೊ ಬಹುಕಾಲ ಬಾಳಿದ ಕವಾಸಾಕಿ ನಗರದ ಆಡಳಿತ 2012ರ ಸೆಪ್ಟೆಂಬರ್ 3ರಂದು ಡೊರೇಮಾನ್‌ಗೆ ವಿಶೇಷ ನಿವಾಸಿ ಪತ್ರ ಕೊಟ್ಟಿದೆ. ಆಗ ಬೆಕ್ಕು ಹುಟ್ಟುವುದಕ್ಕೆ ಸರಿಯಾಗಿ ನೂರು ವರ್ಷ ಬಾಕಿ. ತಾತ ಎದ್ದು, ಬೀರುವಿನಿಂದ ತಮ್ಮ ಆಧಾರ್ ಕಾರ್ಡು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇಸವಿ ಮಾತ್ರ ಇತ್ತು.