ಚಿಗುರು ಮೊದಲು, ಬೇರು ಆಮೇಲೆ

ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಮುಗಿದ ಮರುವಾರ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಿ ನೋಡಬೇಕು. ಗಾಜಿನ ಮನೆಯ ಮುಂದೆ ಜಾತ್ರೆಯಂತೆ ನೆರೆದಿದ್ದ ಜನ ಈಗ ಇಲ್ಲ. ಕುಂಡಗಳನ್ನು ಗಾಡಿಗೆ ಏರಿಸುವ ಆಳುಗಳು, ಬಾಡಿದ ಹೂವಿನ ರಾಶಿ, ಬಂಡೆಯ ಮೇಲೆ ಎಳೆಬಿಸಿಲು ಕಾಯಿಸುವ ನಾಲ್ಕಾರು ಹಿರಿಯರು, ಇಷ್ಟೇ. ಹೂ ನೋಡುವವರಿಗೆ ಹಬ್ಬ ಮುಗಿಯಿತು. ಗಿಡ ಬೆಳೆಸುವವರಿಗೆ ಹಬ್ಬ ಶುರುವಾಗುವುದೇ ಈಗ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು. ಕೆಲವು ವರ್ಷಗಳಿಂದ ಒಂಬತ್ತನೇ ತರಗತಿಯ ಮಕ್ಕಳನ್ನು ಇದೇ ವಾರದಲ್ಲಿ ಇಲ್ಲಿಗೆ ಕರೆತರುತ್ತಿದ್ದೇನೆ. ಮೊದಲು ತೋಟದಲ್ಲಿ ಒಂದು ಸುತ್ತು. 1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟ ಇದು. ಟಿಪ್ಪು ಸುಲ್ತಾನ್ ದೂರದೇಶಗಳಿಂದ ಗಿಡ ತರಿಸಿ ಬೆಳೆಸಿದ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕೃಂಬಿಗಲ್, ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳುವಂತೆ ಊರಿನ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಅಮೆರಿಕ ಖಂಡದ ಬಿಸಿನಾಡುಗಳಿಂದ ಬಂದ ಟಬೂಬಿಯಾ ಮರಗಳು ಈ ತಿಂಗಳುಗಳಲ್ಲಿ ಎಲೆಯೆಲ್ಲ ಕಳಚಿ ಗುಲಾಬಿ, ಹಳದಿ ಬಣ್ಣದಲ್ಲಿ ಮೈತುಂಬಿ ನಿಂತಾಗ ಮಕ್ಕಳಿಗೆ ಅವರ ಹೆಸರು ಹೇಳುತ್ತೇನೆ. ಅರ್ಧ ಮಕ್ಕಳು ಕೇಳುತ್ತಾರೆ, ಅರ್ಧ ಮಕ್ಕಳು ಕಡಲೆಕಾಯಿ ತಿನ್ನುತ್ತಾರೆ.

ಆಮೇಲೆ ಸಿದ್ದಾಪುರದ ಕಡೆಯ ಬಾಗಿಲಿನಿಂದ ಹೊರಬಿದ್ದರೆ ನರ್ಸರಿಗಳ ಸಾಲು. ರಸ್ತೆಗೆ ಬಂದರೂ ತೋಟ ಮುಗಿಯಿತು ಅನ್ನಿಸುವುದಿಲ್ಲ. ಕಪ್ಪು ಪಾಲಿಥಿನ್ ಚೀಲಗಳಲ್ಲಿ ದಾಸವಾಳ, ಮಲ್ಲಿಗೆ, ಕಸಿ ಮಾವು, ನಿಂಬೆ, ಕರಿಬೇವು. ಹಸಿರು ನೆರಳುಬಲೆಯ ಕೆಳಗೆ ಒದ್ದೆ ಮಣ್ಣಿನ ವಾಸನೆ, ಅದರ ಜೊತೆಗೆ ಬೇವಿನ ಹಿಂಡಿಯ ಘಾಟು.

ನಮ್ಮ ಬೆಂಗಳೂರಿನ ಚಳಿ ಹಿಮ ಬೀಳುವ ಚಳಿಯಲ್ಲ. ಇಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೂ ಗಿಡಗಳಿಗೆ ಚಳಿ ತಿಳಿಯುತ್ತದೆ, ಬೆಳವಣಿಗೆ ಮಂದವಾಗುತ್ತದೆ. ಸಂಕ್ರಾಂತಿ ಕಳೆದು ಹಗಲು ಹಿಗ್ಗಿದಂತೆ ಕಾಂಡದ ಕಣ್ಣುಗಳು ಉಬ್ಬುತ್ತವೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಹೊರಟುಹೋದರೆ ಮಾರ್ಚಿನ ಬಿಸಿಲು ಹಿಂದೆಯೇ ಬರುತ್ತದೆ. ಈ ನಡುವಿನ ಐದಾರು ವಾರಗಳಲ್ಲಿ ನರ್ಸರಿಯವರಿಗೆ ಕೈ ಬಿಡುವಿಲ್ಲ. ದಾಸವಾಳವನ್ನು ಸವರಬೇಕು. ಹೂ ಮುಗಿದ ಸೇವಂತಿಗೆಯನ್ನು ಬುಡದ ತನಕ ಕತ್ತರಿಸಿ, ಬುಡದಿಂದ ಏಳುವ ಮರಿಗಳನ್ನು ಬೇರ್ಪಡಿಸಬೇಕು. ಬೇರು ಸುತ್ತಿಕೊಂಡ ಕುಂಡಗಳಿಗೆ ಮಣ್ಣು ಬದಲಾಯಿಸಬೇಕು.

ನಾವು ಹೋಗುವ ನರ್ಸರಿಯಲ್ಲಿ ಒಬ್ಬ ಹಿರಿಯಾಕೆ ಗೋಣಿತಾಟಿನ ಮೇಲೆ ಕುಳಿತು ದಿನವಿಡೀ ಚೀಲಕ್ಕೆ ಮಣ್ಣು ತುಂಬುತ್ತಾರೆ. ಮೂರು ವರ್ಷಗಳ ಹಿಂದೆ ಮಕ್ಕಳಿಗೆ ದಾಸವಾಳದ ಕಡ್ಡಿ ನೆಡುವುದನ್ನು ತೋರಿಸಿಕೊಟ್ಟವರು ಅವರೇ. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ. ಕೆಳತುದಿಯನ್ನು ಗೆಣ್ಣಿನ ಕೆಳಗೇ ಓರೆಯಾಗಿ ಕೊಯ್ಯಬೇಕು, ಮೇಲ್ತುದಿಯನ್ನು ನೇರವಾಗಿ. ಕೆಳಗಿನ ಎಲೆಗಳನ್ನು ತೆಗೆದು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಬೇಕು. ಮಣ್ಣಿನಲ್ಲಿ ಮರಳು ಹೆಚ್ಚಿರಬೇಕು, ನೀರು ನಿಲ್ಲಬಾರದು.

“ಓರೆ ಕೊಯ್ದಿದ್ದು ಕೆಳಕ್ಕೆ, ನೇರ ಕೊಯ್ದಿದ್ದು ಮೇಲಕ್ಕೆ. ತಲೆಕೆಳಗಾಗಿ ನೆಟ್ಟುಬಿಟ್ಟೀರಿ ಮೇಷ್ಟ್ರೇ, ಹುಷಾರು” ಎಂದರು.

ಕಡ್ಡಿಗೆ ಮೇಲು ಕೆಳಗು ಇದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದವನು. ಆಕ್ಸಿನ್ ಎಂಬ ಹಾರ್ಮೋನು ಚಿಗುರಿನ ಕಡೆಯಿಂದ ಕೆಳಮುಖವಾಗಿ ಇಳಿದು, ಕೊಯ್ದ ಜಾಗದಲ್ಲಿ ಶೇಖರವಾಗಿ ಬೇರು ಹುಟ್ಟಿಸುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಆಕೆ ಆ ಹೆಸರು ಕೇಳಿದವರಲ್ಲ. ಆದರೆ ಬದುಕಿದ ಕಡ್ಡಿಗಳ ಲೆಕ್ಕದಲ್ಲಿ ನಾನು ಅವರ ಹತ್ತಿರಕ್ಕೂ ಬರುವವನಲ್ಲ.

ತರಗತಿಯಲ್ಲಿ 31 ಮಕ್ಕಳು, ಕಿಟಕಿಯ ಪಕ್ಕ ನೆರಳಿನಲ್ಲಿ 31 ಚೀಲಗಳು. ಹತ್ತನೇ ದಿನಕ್ಕೆಲ್ಲ ಹಸಿರು ಚಿಗುರು ಕಾಣಿಸಿತು. ಮಕ್ಕಳ ಸಂಭ್ರಮ ಹೇಳತೀರದು. ಪ್ರಯೋಗ ಎಂದ ಮೇಲೆ ಅಂಕಿ ಬೇಕಲ್ಲ! ಬೇರಿನ ಉದ್ದವನ್ನು ಪ್ರತಿ ಶನಿವಾರ ಅಳೆದು ಪಟ್ಟಿಯಲ್ಲಿ ಬರೆಯಿರಿ, ಹತ್ತು ಅಂಕ ಕೊಡುತ್ತೇನೆ ಎಂದೆ. ಅಂಕದ ಆಸೆಗೆ ಕೆಲವರು ಶನಿವಾರದ ತನಕವೂ ಕಾಯಲಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಚಿಗುರುಗಳು ಒಂದೊಂದಾಗಿ ತಲೆ ಬಾಗಿಸಿದವು.

ಒಣಗಿದ ನಾಲ್ಕು ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಮತ್ತೆ ಸಿದ್ದಾಪುರಕ್ಕೆ ಹೋದೆ. ಆಕೆ ಕೈಗೆತ್ತಿಕೊಂಡು ನೋಡಿದವರೇ ನಕ್ಕರು.

“ಕಿತ್ತು ನೋಡಿದ್ರಾ?”

“ಮಕ್ಕಳು...” ಎಂದೆ.

“ಮಕ್ಕಳಿಗೆ ಯಾರು ಹೇಳಿದ್ದು?”

ನಾನು ಸುಮ್ಮನಾದೆ. ಆಕೆ ಮಣ್ಣು ತುಂಬುತ್ತಲೇ ಹೇಳಿದರು: “ಚಿಗುರು ಬಂತು ಅಂದ್ರೆ ಬೇರು ಬಂತು ಅಂತಲ್ಲ. ಚಿಗುರು ಮೊದಲು ಬರ್ತದೆ, ಬೇರು ಆಮೇಲೆ. ಆ ಹೊತ್ತಲ್ಲಿ ಅದರ ತಂಟೆಗೆ ಹೋಗಬಾರದು. ನೀರು ಕೊಡಿ, ನೆರಳು ಕೊಡಿ, ಸುಮ್ಮನಿರಿ.”

ಬಸ್ಸಿನಲ್ಲಿ ಬರುವಾಗ ಇದನ್ನೇ ನನ್ನ ಪಾಠದ ಭಾಷೆಯಲ್ಲಿ ಹೇಳಿಕೊಂಡೆ. ಕಡ್ಡಿಯ ಮೊದಲ ಚಿಗುರು ಕಾಂಡದಲ್ಲಿ ಮೊದಲೇ ಕೂಡಿಟ್ಟ ಆಹಾರದಿಂದ ಬಂದದ್ದು. ಅದು ಹಳೆಯ ಗಂಟು ಕರಗಿಸಿ ನಡೆಸುವ ಸಂಸಾರ. ಬೇರು ಹುಟ್ಟಿ ನೀರು ಎಳೆಯುವ ತನಕ ಅದಕ್ಕೆ ಸ್ವಂತ ಸಂಪಾದನೆಯಿಲ್ಲ. ಬೇರು ಹುಟ್ಟಿದ ಮೇಲೂ ಮಣ್ಣಿನ ಕಣಗಳ ನಡುವಿನಿಂದ ನೀರನ್ನು ಹೀರುವುದು ಬಹುಪಾಲು ಬೇರುಗೂದಲುಗಳು. ಒಂದೊಂದು ಬೇರುಗೂದಲೂ ಒಂದೇ ಜೀವಕೋಶದ ಚಾಚು. ಕಿತ್ತರೆ ಅವು ಮಣ್ಣಿನಲ್ಲೇ ಹರಿದು ಉಳಿಯುತ್ತವೆ. ನಾವು ಅಳತೆಪಟ್ಟಿ ಹಿಡಿದು ಅಳೆದದ್ದು ಆ ಹೊತ್ತಿಗೇ ಕೆಟ್ಟುಹೋದ ಬೇರನ್ನು. ಇಷ್ಟೆಲ್ಲ ಗೊತ್ತಿದ್ದೂ ಪಟ್ಟಿ ಬರೆಸಿದವನು ನಾನು.

ಕೊನೆಗೆ 31ರಲ್ಲಿ ಉಳಿದದ್ದು ನಾಲ್ಕು. ಮೂರು ಕಡ್ಡಿಗಳು ಅಳೆಯದೆಯೇ ಅಂದಾಜಿನಲ್ಲಿ ಅಂಕಿ ಬರೆದ ಮೂವರು ಸೋಮಾರಿಗಳವು! ಹಾಗೆಂದು ಅವರೇ ಆಮೇಲೆ ಒಪ್ಪಿಕೊಂಡರು. ನಾಲ್ಕನೆಯದು, ಗಿಡ ನೆಟ್ಟ ಮರುವಾರವೇ ಅಮ್ಮ ಆಗಿ ಇಪ್ಪತ್ತು ದಿನ ಶಾಲೆಗೆ ಬಾರದಿದ್ದ ಹುಡುಗನದು. ಅವನ ಪಟ್ಟಿ ಪೂರ್ತಿ ಖಾಲಿ. ನಮ್ಮ ಜವಾನರು ದಿನಾ ಬೆಳಿಗ್ಗೆ ಎಲ್ಲ ಚೀಲಗಳಿಗೂ ನೀರು ಹಾಕುತ್ತಿದ್ದರಿಂದ ಅವನದಕ್ಕೂ ಸಿಕ್ಕಿತ್ತು.

ಆ ಹುಡುಗ ಮತ್ತೆ ಶಾಲೆಗೆ ಬಂದ ದಿನ ತಂದೆಯೂ ಜೊತೆಗಿದ್ದರು. ಹುಡುಗನ ಮುಖದ ಮೇಲೆ ಕಲೆಗಳು ಇನ್ನೂ ಮಾಸಿರಲಿಲ್ಲ. ತಂದೆಗೆ ಪರೀಕ್ಷೆಯ ಚಿಂತೆ. “ಇಪ್ಪತ್ತು ದಿನ ಪಾಠ ಹೋಯ್ತಲ್ಲ ಸಾರ್. ಎರಡು ಟ್ಯೂಷನ್‌ಗೆ ಹಾಕಿದ್ದೀನಿ. ರಾತ್ರಿ ಹನ್ನೊಂದರ ತನಕ ನಾನೇ ಕೂರಿಸಿಕೊಂಡು ಪ್ರಶ್ನೆ ಕೇಳ್ತೀನಿ. ಏನೂ ನೆನಪಿಲ್ಲ ಅಂತಾನೆ” ಎಂದರು. ಹುಡುಗ ನೆಲ ನೋಡುತ್ತ ನಿಂತಿದ್ದ.

ಹಿಂದಿನ ವರ್ಷಗಳಲ್ಲಾದರೆ ‘ಹಾಗೇ ಮಾಡಿ’ ಎನ್ನುತ್ತಿದ್ದೆ. ಆ ದಿನ ಅವರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದೆ. ಸಾಲು ಚೀಲಗಳಲ್ಲಿ ಒಣಕಡ್ಡಿಗಳು, ನಡುವೆ ಅವರ ಮಗನ ದಾಸವಾಳ. ಚೀಲದ ತಳದ ತೂತಿನಿಂದ ಬಿಳಿ ಬೇರೊಂದು ಇಣುಕುತ್ತಿತ್ತು. ನಡೆದದ್ದನ್ನೆಲ್ಲ, ನನ್ನ ತಪ್ಪನ್ನೂ ಸೇರಿಸಿ, ಹೇಳಿದೆ. ಈ ಒಂದು ವಾರ ಪ್ರಶ್ನೆ ಕೇಳಬೇಡಿ, ಹೊತ್ತಿಗೆ ಊಟ, ನಿದ್ದೆ ನೋಡಿಕೊಳ್ಳಿ, ತಪ್ಪಿದ ಪಾಠ ಮಧ್ಯಾಹ್ನದ ಬಿಡುವಿನಲ್ಲಿ ನಾನು ಹೇಳಿಕೊಡುತ್ತೇನೆ ಎಂದೆ. ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆ. ಆದರೆ ಒಂದು ಟ್ಯೂಷನ್ ಬಿಡಿಸಿದರು. ಹುಡುಗ ತರಗತಿಗೆ ಮೊದಲಿಗನೇನೂ ಆಗಲಿಲ್ಲ, ಪಾಸಾದ. ದಾಸವಾಳ ಅವರ ಮನೆಯ ಮೆಟ್ಟಿಲ ಪಕ್ಕದಲ್ಲಿದೆ.

ಬಿಟ್ಟುಬಿಡುವುದು ಬೇರೆ, ಕಿತ್ತು ನೋಡದಿರುವುದು ಬೇರೆ. ದಿನಾ ನೀರು ಬೀಳದಿದ್ದರೆ ಆ ಕಡ್ಡಿಯೂ ಒಣಗುತ್ತಿತ್ತು. ತಂದೆತಾಯಿಯರಿಗೆ ನನ್ನದೊಂದು ಮಾತು: ಚಳಿ ಹೊರಡುವ ಈ ದಿನಗಳಲ್ಲಿ ಮಕ್ಕಳ ಕೈಯಿಂದ ಒಂದು ದಾಸವಾಳದ ಕಡ್ಡಿ ನೆಡಿಸಿ. ನೆರಳಿನಲ್ಲಿಡಿ, ಮಣ್ಣು ಹಸಿಯಾಗಿರಲಿ, ಕೆಸರಾಗದಿರಲಿ. ಹೊಸ ಎಲೆ ನಾಲ್ಕಾರು ಬಲಿಯುವ ತನಕ, ಅಂದರೆ ಒಂದೆರಡು ತಿಂಗಳು, ಚೀಲ ಬಿಚ್ಚಬೇಡಿ. ಬೇರು ಬಲಿತರೆ ತಳದ ತೂತಿನಲ್ಲಿ ತಾನೇ ಕಾಣಿಸಿಕೊಳ್ಳುತ್ತದೆ.

ಈ ವರ್ಷವೂ ಹೋಗಿದ್ದೆವು. ಆಕೆ ಅದೇ ಗೋಣಿತಾಟಿನ ಮೇಲೆ ಕುಳಿತು ಮಣ್ಣು ತುಂಬುತ್ತಿದ್ದರು. “ಈ ಸಲ ಎಷ್ಟು ಕಡ್ಡಿ ಮೇಷ್ಟ್ರೇ?” ಎಂದು ಕೇಳಿದರು. 34 ಎಂದೆ. ಮಕ್ಕಳ ಪುಸ್ತಕದಲ್ಲಿ ಪಟ್ಟಿ ಈಗಲೂ ಇದೆ. ಬೇರಿನ ಉದ್ದ ಎಂದಿದ್ದ ಕಡೆ ‘ನೀರು ಹಾಕಿದ ದಿನ’ ಎಂದು ಬರೆಸಿದ್ದೇನೆ.