ವಾಸನೆಯಿಲ್ಲದ ಗ್ಯಾಸು

ಮನೆಯಲ್ಲಿ ಗ್ಯಾಸ್ ಸಿಲಿಂಡರು ಸೋರಿದರೆ ನಿಮಗೆ ಹೇಗೆ ಗೊತ್ತಾಗುತ್ತದೆ? ಮೂಗಿಗೆ ಬಡಿಯುತ್ತದೆ, ಅಲ್ಲವೇ? ನಿಜವಾಗಿ ಅಡಿಗೆ ಗ್ಯಾಸಿಗೆ ಅಂಥ ವಾಸನೆಯೇ ಇಲ್ಲ. ಸೋರಿದ್ದು ತಿಳಿಯಲೆಂದೇ ಈಥೈಲ್ ಮರ್‌ಕ್ಯಾಪ್ಟನ್ ಎಂಬ ನಾತದ ವಸ್ತುವನ್ನು ಅದಕ್ಕೆ ಬೆರೆಸಿರುತ್ತಾರೆ. ಆದರೆ ನಾತವೇ ಇಲ್ಲದ ಗ್ಯಾಸು ಸೋರಿದರೆ ಏನು ಗತಿ? ಈ ಪ್ರಶ್ನೆ ನನಗೆ ಬಂದದ್ದು ಮೈಸೂರಿನ ನನ್ನ ಅಡಿಗೆಮನೆಯಲ್ಲಲ್ಲ. ಅಮೆರಿಕದ ಮಿಷಿಗನ್‌ನಲ್ಲಿ, ಮಗಳ ಮನೆಯ ನೆಲಮಾಳಿಗೆಯಲ್ಲಿ.

2023ರ ಚಳಿಗಾಲದಲ್ಲಿ ಮಗಳ ಬಾಣಂತನಕ್ಕೆಂದು ಹೋಗಿದ್ದೆ. ಅಳಿಯಂದಿರು ಒಳ್ಳೆಯವರೇ. ಆದರೆ ಅವರಿಗೊಂದು ಹುಚ್ಚು, ಮನೆಯಲ್ಲೇ ಬಿಯರ್ ಮಾಡುವುದು! ಮೂಗು ಮುರಿಯಬೇಡಿ. ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ, 1978ರಲ್ಲಿ, ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಆ ದೇಶದ ಕಾನೂನು ಒಪ್ಪಿಗೆ ಕೊಟ್ಟಿತು. ನಾವು ಉಪ್ಪಿನಕಾಯಿ ಹಾಕುವ ಹಾಗೆ ಅಲ್ಲಿ ಎಷ್ಟೋ ಜನ ಮಾಡುತ್ತಾರೆ.

ನೆಲಮಾಳಿಗೆಯಲ್ಲೊಂದು ಹಳೆಯ ಫ್ರಿಜ್ಜು. ಅದರೊಳಗೆ 19 ಲೀಟರ್ ಹಿಡಿಯುವ ಸ್ಟೀಲಿನ ಕೆಗ್, ಪಕ್ಕದಲ್ಲಿ ಸುಮಾರು ಎರಡೂಕಾಲು ಕಿಲೋ ಕಾರ್ಬನ್ ಡೈಆಕ್ಸೈಡ್ ತುಂಬುವ ಪುಟ್ಟ ಸಿಲಿಂಡರು. ಸೋಡಾಕ್ಕೆ ಹಾಕುವ ಗ್ಯಾಸೇ ಅದು. ಅದರ ಒತ್ತಡಕ್ಕೆ ಬಿಯರು ನಲ್ಲಿಯಲ್ಲಿ ನೊರೆನೊರೆಯಾಗಿ ಬರುತ್ತದೆ.

ಹೋದ ವಾರದೊಳಗೇ ಮಗಳು ಕಣ್ಣೊರೆಸಿಕೊಂಡು ಹೇಳಿದಳು: "ಹದಿನೈದು ದಿನಕ್ಕೊಂದು ಸಿಲಿಂಡರ್ ಖಾಲಿ ಮಾಡ್ತಾರಮ್ಮ. ಎಷ್ಟು ಕುಡೀತಿರಬೇಕು ನೀನೇ ನೋಡು."

ಅಳಿಯಂದಿರನ್ನು ಮೆಲ್ಲಗೆ ಕೇಳಿದೆ. "ವಾರಕ್ಕೆ ಒಂದೆರಡು ಲೋಟ ಅಷ್ಟೆ, ಅತ್ತೆ. ಗ್ಯಾಸ್ ಯಾಕೆ ಮುಗೀತಿದೆಯೋ ನನಗೂ ತಿಳೀತಿಲ್ಲ" ಅಂದರು. ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನೂ ನಂಬಲಿಲ್ಲ. ಗಂಡ ಹೆಂಡತಿ ಮಾತು ಬಿಟ್ಟು ನಾಲ್ಕು ದಿನವಾಗಿತ್ತು. ಆ ಮನೆಯಲ್ಲಿ ಊಟ ಗಂಟಲಿಗಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಗುವಿನ ಬಟ್ಟೆ ಒಗೆಯಲು ಕೆಳಗೆ ಹೋದವಳು ಸುಮ್ಮನೆ ಆ ಫ್ರಿಜ್ಜು ತೆಗೆದು ಕೆಗ್ಗನ್ನು ವಾಲಿಸಿ ನೋಡಿದೆ. ಅಲುಗಲೇ ಇಲ್ಲ! ಅಷ್ಟು ಭಾರ. ನನಗೆ ಥಟ್ಟನೆ ಹೊಳೆಯಿತು. ಕುಡಿದಿದ್ದರೆ ಕೆಗ್ಗು ಹಗುರಾಗಬೇಕಿತ್ತು. ಬಿಯರು ಇದ್ದ ಹಾಗೇ ಇದೆ, ಗ್ಯಾಸು ಮಾತ್ರ ಹೋಗುತ್ತಿದೆ. ಸಂಜೆ ಅಳಿಯಂದಿರು ಬಂದಾಗ ಕೇಳಿದರೆ, "ಒಂದು ಸಿಲಿಂಡರು ಐದಾರು ಕೆಗ್ಗಿಗೆ ಬರಬೇಕು, ಅತ್ತೆ" ಅಂದರು. "ಹಾಗಾದರೆ ಸೋರುತ್ತಿದೆ ಕಣಪ್ಪ" ಅಂದೆ.

ಆ ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳನ್ನು ನಂಬುವ ಹಾಗಿಲ್ಲ. ಒಳಗೆ ಗ್ಯಾಸು ದ್ರವವಾಗಿರುವುದರಿಂದ, ದ್ರವ ಮುಗಿಯುವ ತನಕ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತು, ಆಮೇಲೆ ಒಮ್ಮೆಲೇ ಇಳಿಯುತ್ತದೆ. ತೂಕ ಹಾಕಿ, ಕುತ್ತಿಗೆಯ ಮೇಲೆ ಕೊರೆದಿರುವ ಖಾಲಿ ತೂಕವನ್ನು ಕಳೆದರೆ ಮಾತ್ರ ಲೆಕ್ಕ ಸಿಗುತ್ತದೆ.

ಸೋರುವ ಜಾಗ ಹುಡುಕಲು ನನಗೆ ಗೊತ್ತಿದ್ದುದು ಒಂದೇ ಉಪಾಯ. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದೇ ಸಂದಿಗೆ ಹಚ್ಚಿದೆ. ಗ್ಯಾಸು ತೆರೆದೇ ಇರಬೇಕು, ಆತುರಪಡಬಾರದು. ಪೈಪಿನ ಕ್ಲಿಪ್ಪುಗಳಲ್ಲಿ ಏನೂ ಇಲ್ಲ. ರೆಗ್ಯುಲೇಟರು ಸಿಲಿಂಡರಿಗೆ ಕೂಡುವ ನಟ್ಟಿನ ಹತ್ತಿರ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಕೆಗ್ಗಿನ ಮುಚ್ಚಳದ ಅಂಚಿನಲ್ಲೂ ನೊರೆ ಉಬ್ಬಿತು. ಅಳಿಯಂದಿರ ಮುಖ ನೋಡಬೇಕಿತ್ತು!

ಮೊದಲು ಸಿಲಿಂಡರು ಮುಚ್ಚಿ, ಒಳಗಿನ ಒತ್ತಡ ಪೂರ್ತಿ ಬಿಟ್ಟರು. ನಟ್ಟಿನೊಳಗಿನ ವಾಷರು ಸವೆದು ಚಪ್ಪಟೆಯಾಗಿತ್ತು. ಸಿಲಿಂಡರು ಬದಲಿಸಿದಾಗಲೆಲ್ಲ ಅದನ್ನೇ ಹಾಕುತ್ತಿದ್ದರಂತೆ. ಹೊಸದು ಹಾಕಿ ಸ್ಪ್ಯಾನರಿನಿಂದ ಬಿಗಿ ಮಾಡಿದರು. ಮುಚ್ಚಳದ ರಬ್ಬರ್ ಉಂಗುರ ಸೀಳಿತ್ತು. ಅದನ್ನೂ ಬದಲಿಸಿ, ಆಹಾರಕ್ಕೆ ತಗುಲಿದರೂ ತೊಂದರೆಯಿಲ್ಲದ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದರು. ಮತ್ತೆ ಸೋಪು ನೀರು ಹಚ್ಚಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಬಿಯರು ಗ್ಯಾಸು ಹೀರಿಕೊಂಡರೂ ಮುಳ್ಳು ಇಳಿಯುತ್ತದೆ. ಆದ್ದರಿಂದ ಕೆಗ್ಗಿನ ಪೈಪು ಬಿಡಿಸಿ, ಸಿಲಿಂಡರು ಮುಚ್ಚಿ, ಪೈಪಿನಲ್ಲಿ ಉಳಿದ ಒತ್ತಡ ನಿಲ್ಲುತ್ತದೆಯೇ ಎಂದು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಪೈಪಿನ ಕಡೆಯ ಮುಳ್ಳು ಇದ್ದಲ್ಲೇ ಇತ್ತು.

ಆಮೇಲೆ ನನ್ನ ಎದೆ ನಡುಗಿದ್ದು ಬೇರೆಯದಕ್ಕೆ. ಆ ಫ್ರಿಜ್ಜಿನ ಪಕ್ಕದ ಪುಟ್ಟ ಕೋಣೆಯಲ್ಲೇ, ಚಳಿಗೆ ಕಿಟಕಿ ಬಾಗಿಲು ಭದ್ರಪಡಿಸಿ, ನೆಲದ ಮೇಲೆ ಹಾಸಿಗೆ ಹಾಸಿ ನಾನು ಮಗುವನ್ನು ಮಲಗಿಸಿಕೊಳ್ಳುತ್ತಿದ್ದೆ. ಈ ಗ್ಯಾಸು ಹತ್ತಿ ಉರಿಯುವುದಿಲ್ಲ, ನಿಜ. ಆದರೆ ಗಾಳಿಗಿಂತ ಭಾರ, ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಗಾಳಿಯಾಡದ ಕೋಣೆಯಲ್ಲಿ ಹೆಚ್ಚಾದರೆ ತಲೆನೋವು, ಏದುಸಿರು, ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ಗೋಡೆಗೆ ಹಾಕಿದ್ದ ಕಾರ್ಬನ್ ಮಾನಾಕ್ಸೈಡ್ ಗಂಟೆ ಇದಕ್ಕೆ ಹೊಡೆದುಕೊಳ್ಳುವುದಿಲ್ಲ, ಅದು ಬೇರೆ ಗ್ಯಾಸಿನದು. ಅಂದೇ ಹಾಸಿಗೆ ಮೇಲಕ್ಕೆ ಬಂತು. ಅದೇ ವಾರ ಕಾರ್ಬನ್ ಡೈಆಕ್ಸೈಡ್ ಪತ್ತೆ ಮಾಡುವ ಗಂಟೆಯೂ ಬಂತು.

ರಾತ್ರಿ ಅಳಿಯಂದಿರಿಗೆ ಸಾರು ಬಡಿಸುತ್ತಾ, "ನಾನೂ ನಿಮ್ಮನ್ನು ಅನುಮಾನಿಸಿದೆ" ಅಂದುಬಿಟ್ಟೆ. ಅವರು ತಲೆ ತಗ್ಗಿಸಿ ನಕ್ಕರು. ಮಗಳು ಏನೂ ಹೇಳಲಿಲ್ಲ, ಅವರ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ನಿಮ್ಮ ಮನೆಯಲ್ಲಿ ಬಿಯರು ಇರಲಿಕ್ಕಿಲ್ಲ, ಗ್ಯಾಸಂತೂ ಇದ್ದೇ ಇದೆ. ಹೊಸ ಸಿಲಿಂಡರು ಬಂದ ದಿನ ಒಳಗಿನ ರಬ್ಬರ್ ಉಂಗುರ ನೋಡಿ, ಸೋಪು ನೀರು ಹಚ್ಚಿ. ಬೆಂಕಿಕಡ್ಡಿ ಗೀರಿ ನೋಡುವ ಸಾಹಸ ಮಾತ್ರ ಖಂಡಿತ ಬೇಡ. ಹಾಗೇ, ಮನೆಯವರ ಮೇಲೆ ಅನುಮಾನ ಬಂದಾಗ ಜಗಳಕ್ಕಿಳಿಯುವ ಮೊದಲು ಕೆಗ್ಗು ಒಮ್ಮೆ ವಾಲಿಸಿ ನೋಡುವುದು ಒಳ್ಳೆಯದು. ಏನಂತೀರಿ?