ಡಿಸ್ಚಾರ್ಜ್ ಆದ ಒಂಬತ್ತನೆಯ ರಾತ್ರಿ

ಹೋದ ಮಳೆಗಾಲದಲ್ಲಿ ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಯಿಂದ ಕಾಸರಗೋಡಿನ ನಮ್ಮ ಮನೆಗೆ ಕರೆತಂದ ದಿನ ಹಬ್ಬದಂತಿತ್ತು. ಹೃದಯ ಬಲಹೀನವಾಗಿ, ಮೈಯಲ್ಲಿ ನೀರು ತುಂಬಿ ಎಂಟು ದಿನ ಅಲ್ಲಿದ್ದರು. ಹೊರಡುವಾಗ ನರ್ಸ್ ಕಾಗದಗಳನ್ನು ಕೈಗಿಟ್ಟು ವಿವರಿಸಿ, "ಎಲ್ಲ ಅರ್ಥವಾಯಿತಲ್ಲ?" ಎಂದರು. ನಾನು "ಹೂಂ" ಎಂದೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. ಆದರೆ ನನ್ನ ಗಮನವೆಲ್ಲ ಹೊರಗೆ ಕಾಯುತ್ತಿದ್ದ ಕಾರಿನ ಮೇಲಿತ್ತು.

ಒಂಬತ್ತನೆಯ ರಾತ್ರಿ ಅಜ್ಜಿಗೆ ಮಲಗಲು ಆಗಲಿಲ್ಲ. ಮೂರು ದಿಂಬಿಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದರು. ತಲಪಾಡಿ ದಾಟಿ ಮತ್ತೆ ಅದೇ ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಬೈಯಲಿಲ್ಲ. ಮೂರು ಪ್ರಶ್ನೆ ಕೇಳಿದರು. ದಿನಾ ತೂಕ ನೋಡಿದಿರಾ? ಇಲ್ಲ. ಊಟ ಏನು? ಬಾಯಿಗೆ ರುಚಿಯಿಲ್ಲವೆಂದು ಅಮ್ಮ ಗಂಜಿಯ ಜೊತೆ ಒಣಮೀನಿನ ಚಟ್ನಿ, ಉಪ್ಪಿನಕಾಯಿ ಕೊಡುತ್ತಿದ್ದರು. ಮೂತ್ರ ಹೋಗುವ ಮಾತ್ರೆ ತಪ್ಪಿಸಿದ್ದುಂಟಾ? ಅಜ್ಜಿ ತಲೆ ತಗ್ಗಿಸಿದರು. "ಪೂಜೆಯ ಮಧ್ಯೆ ಎದ್ದು ಹೋಗುವುದು ಹೇಗೆ ಮಗಾ? ನೋಡಲು ಬಂದವರ ಎದುರೂ ನಾಚಿಕೆ." ಹಾಗಾಗಿ ಭಾನುವಾರ ಮತ್ತು ನೆಂಟರು, ವಾಳೆಯವರು ಬಂದ ದಿನಗಳಲ್ಲಿ ಮಾತ್ರೆ ದಿಂಬಿನಡಿ ಸೇರುತ್ತಿತ್ತು.

ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ. ಸೋತ ಹೃದಯ ಅದನ್ನು ತಳ್ಳಲಾರದು, ನೀರು ಶ್ವಾಸಕೋಶಕ್ಕೆ ಸೇರುತ್ತದೆ. ಎರಡು ಮೂರು ದಿನಗಳಲ್ಲಿ 2 ಕಿಲೋ ತೂಕ ಏರಿದರೆ ಮೈ ತುಂಬಿಕೊಂಡಿತೆಂದು ಸಂತೋಷಪಡಬಾರದು, ಆ ದಿನವೇ ಆಸ್ಪತ್ರೆಗೆ ಫೋನ್ ಮಾಡಬೇಕು. ಇದೆಲ್ಲ ನಾನು ಓದದೆ ಮಡಚಿಟ್ಟ ಕಾಗದದ ಎರಡನೆಯ ಪುಟದಲ್ಲೇ ಇತ್ತು.

ಅಜ್ಜಿ ಉಳಿದರು. ಈಗ ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಡಾಕ್ಟರನ್ನು ಕೇಳಿದಾಗ, ಭಾನುವಾರ ಆ ಮಾತ್ರೆಯನ್ನು ಪೂಜೆ ಮುಗಿಸಿ ಬಂದು ತೆಗೆದುಕೊಂಡರೆ ಸಾಕು ಎಂದರು. ಇಷ್ಟು ಸುಲಭದ ಉತ್ತರವನ್ನು ಮೊದಲೇ ಯಾರೂ ಕೇಳಿರಲಿಲ್ಲ.

ಗೆಳೆಯರೇ, ಆಸ್ಪತ್ರೆಯಿಂದ ಬಂದವರನ್ನು ನೋಡಲು ನಾವೆಲ್ಲ ಹಣ್ಣು, ಬ್ರೆಡ್ ಹಿಡಿದುಕೊಂಡು ಹೋಗುತ್ತೇವೆ. ಇನ್ನು ಮುಂದೆ ಹೋದಾಗ, ಮನೆಯವರು ಒಪ್ಪಿದರೆ, ಆ ಕಾಗದವನ್ನು ಅವರ ಭಾಷೆಯಲ್ಲಿ ಓದಿ ಹೇಳೋಣ. ಅರ್ಥವಾಗದ್ದನ್ನು ಗುರುತು ಮಾಡಿ ಆಸ್ಪತ್ರೆಗೆ ಫೋನ್ ಮಾಡಿ ಕೇಳೋಣ. ಮತ್ತೆ ಬೇಗ ಎದ್ದು ಬರೋಣ. ಅವರಿಗೆ ಮಾತ್ರೆ ತೆಗೆದುಕೊಳ್ಳುವ ಹೊತ್ತಾಗಿರಬಹುದು.